ಪಿಡಿಐ: ಗಂಧಕದ ಮೇಲೆ ನಿಂತ ಕಿಣ್ವ

ಕೇಳುಗರಿಗೆ ನಮಸ್ಕಾರ.

ದನದ ಮೇದೋಜೀರಕ ಗ್ರಂಥಿಯಲ್ಲಿ ರೈಬೊನ್ಯೂಕ್ಲಿಯೇಸ್ ಎಂಬ ಪುಟ್ಟ ಪ್ರೋಟೀನ್ ಇದೆ. 124 ಅಮೈನೋ ಆಮ್ಲಗಳ ಸರಪಳಿ, ನಡುವೆ ಎಂಟು ಕಡೆ ಗಂಧಕವಿರುವ ಸಿಸ್ಟೀನ್. ಈ ಎಂಟೂ ಎರಡೆರಡಾಗಿ ಬೆಸೆದು ನಾಲ್ಕು ಡೈಸಲ್ಫೈಡ್ ಬಂಧಗಳಾಗಬೇಕು. ಹಾಗೆ ಜೋಡಿಸಲು 105 ದಾರಿಗಳಿವೆ, ಸರಿಯಾದದ್ದು ಒಂದೇ. ಬಂಧಗಳನ್ನು ಮುರಿದು, ಯೂರಿಯಾದಲ್ಲಿ ಬಿಡಿಸಿಟ್ಟ ಸರಪಳಿ ಯೂರಿಯಾ ತೆಗೆದು ಗಾಳಿಗೆ ಬಿಟ್ಟರೆ ತಾನಾಗಿಯೇ ಮೊದಲಿನ ಆಕಾರಕ್ಕೆ ಮರಳುತ್ತದೆ ಎಂದು ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ ತೋರಿಸಿದರು. ಆದರೆ ಅದಕ್ಕೆ ಗಂಟೆಗಟ್ಟಲೆ ಬೇಕು. ಜೀವಕೋಶಕ್ಕೆ ಅಷ್ಟು ಪುರಸೊತ್ತಿಲ್ಲ. ಈ ಕೆಲಸವನ್ನು ನಿಮಿಷಗಳಿಗೆ ಇಳಿಸುವ ಕಿಣ್ವವನ್ನು 1963ರಲ್ಲಿ ಅವರ ಗುಂಪೇ ಪತ್ತೆಹಚ್ಚಿತು. ಅದೇ ಪ್ರೋಟೀನ್ ಡೈಸಲ್ಫೈಡ್ ಐಸೊಮರೇಸ್, ಚಿಕ್ಕದಾಗಿ ಪಿಡಿಐ.

ಇದರಲ್ಲಿ ಎರಡು ಕ್ರಿಯಾಸ್ಥಾನಗಳಿವೆ. ಒಂದೊಂದರಲ್ಲೂ ಎರಡು ಸಿಸ್ಟೀನ್, ನಡುವೆ ಗ್ಲೈಸೀನ್ ಮತ್ತು ಹಿಸ್ಟಿಡೀನ್. ಆ ಎರಡು ಗಂಧಕಗಳು ಬೆಸೆದುಕೊಂಡಿದ್ದರೆ ಪಿಡಿಐ ತನ್ನ ಬಂಧವನ್ನು ಹೊಸ ಪ್ರೋಟೀನಿಗೆ ದಾಟಿಸುತ್ತದೆ. ಬಿಡಿಯಾಗಿದ್ದರೆ ತಪ್ಪು ಬಂಧವನ್ನು ಮುರಿದು ಮರುಜೋಡಿಸುತ್ತದೆ. ಕೋಶಕ್ಕೆ ಎರಡೂ ರೂಪಗಳು ಬೇಕು. ಬಿಡಿಯಾದದ್ದನ್ನು ಮತ್ತೆ ಬೆಸೆಯುವುದು ಇಆರ್‌ಒ1 ಎಂಬ ಇನ್ನೊಂದು ಕಿಣ್ವ. ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಒಪ್ಪಿಸುವಾಗ ಅದು ಹೈಡ್ರೋಜನ್ ಪೆರಾಕ್ಸೈಡನ್ನೂ ಹೊರಬಿಡುತ್ತದೆ.

ಸಾಮಾನ್ಯ ಸಿಸ್ಟೀನ್ ತನ್ನ ಪ್ರೋಟಾನನ್ನು ಬಿಟ್ಟುಕೊಡುವುದು ಪಿಎಚ್ 8ರ ಮೇಲೆ. ಪಿಡಿಐನ ಮೊದಲ ಸಿಸ್ಟೀನ್ ಅದಕ್ಕಿಂತ ಬಹಳ ಕೆಳಗೇ ಬಿಟ್ಟುಕೊಡುತ್ತದೆ. ಹಾಗಾಗಿ ಕೋಶದೊಳಗೆ ಬಿಡಿಯಾಗಿದ್ದಾಗ ಅದು ಹೆಚ್ಚಾಗಿ ಋಣ ಆವೇಶದಲ್ಲಿ, ಯಾವುದಕ್ಕಾದರೂ ಅಂಟಿಕೊಳ್ಳಲು ಸಿದ್ಧವಾಗಿರುತ್ತದೆ. ಕಿಣ್ವದ ಚುರುಕಿಗೂ ಅದರ ಗಂಡಾಂತರಕ್ಕೂ ಇದೊಂದೇ ಕಾರಣ.

ನರಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಮಿತಿಮೀರಿದಾಗ ನೈಟ್ರೊಸೊ ಗುಂಪು ಹೋಗಿ ಕೂರುವುದು ಇದೇ ಗಂಧಕದ ಮೇಲೆ. ಆಮೇಲೆ ಪಿಡಿಐ ಬಂಧ ಕೊಡುವುದೂ ಇಲ್ಲ, ಮುರಿಯುವುದೂ ಇಲ್ಲ. ತಪ್ಪಾಗಿ ಮಡಿಸಿಕೊಂಡ ಪ್ರೋಟೀನುಗಳು ರಾಶಿಬೀಳುತ್ತವೆ. ಪಾರ್ಕಿನ್ಸನ್ ಮತ್ತು ಆಲ್ಝೈಮರ್ ರೋಗಿಗಳ ಮೆದುಳಿನಲ್ಲಿ ಇಂಥ ಪಿಡಿಐ ಇರುವುದು 2006ರಲ್ಲಿ ವರದಿಯಾಯಿತು. ಸತ್ತ ಮೇಲೆ ತೆಗೆದ ಅಂಗಾಂಶವೊಂದರಿಂದಲೇ ಇದು ರೋಗದ ಕಾರಣವೋ ಪರಿಣಾಮವೋ ಹೇಳಲಾಗದು, ನೆನಪಿರಲಿ.

ಫಾಸ್ಫೇಟಿನ ಕಥೆ ಬೇರೆ. ಅದು ಕಿಣ್ವವನ್ನು ಕೆಡಿಸುವುದಿಲ್ಲ, ಕೆಲಸ ಬದಲಿಸುತ್ತದೆ. 2020ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಒಳಜಾಲದಲ್ಲಿ, ಅಂದರೆ ಕೋಶದೊಳಗೆ ಹೊಸ ಪ್ರೋಟೀನುಗಳು ಮಡಿಸಿಕೊಳ್ಳುವ ಪೊರೆಗಳ ಜಾಲದಲ್ಲಿ, ಮಡಿಸದ ಪ್ರೋಟೀನುಗಳ ಒತ್ತಡ ಹೆಚ್ಚಿದಾಗ ಫ್ಯಾಮ್20ಸಿ ಎಂಬ ಕೈನೇಸ್ (ಫಾಸ್ಫೇಟ್ ಹಚ್ಚುವ ಕಿಣ್ವ) ಕೋಶದ ಇನ್ನೊಂದು ಭಾಗವಾದ ಗಾಲ್ಜಿಯಿಂದ ಅಲ್ಲಿಗೆ ಬಂದು, ಪಿಡಿಐನ 357ನೇ ಅಮೈನೋ ಆಮ್ಲವಾದ ಸೆರೀನಿಗೆ ಫಾಸ್ಫೇಟ್ ಹಚ್ಚುತ್ತದೆ. ಕಿಣ್ವದ ಮೈ ತೆರೆದುಕೊಳ್ಳುತ್ತದೆ. ಬಂಧ ಬೆಸೆಯುವುದು ಹಿಂದೆ ಬಿದ್ದು, ಸರಪಳಿಗಳು ಒಂದಕ್ಕೊಂದು ಅಂಟದಂತೆ ಹಿಡಿದುಕೊಳ್ಳುವುದು ಮುಂದಾಗುತ್ತದೆ. ಜೊತೆಗೆ ಐಆರ್‌ಇ1 ಎಂಬ ಒತ್ತಡ ಸಂವೇದಕಕ್ಕೂ ಅಂಟಿ, ಅದರ ಅತಿರೇಕವನ್ನು ತಗ್ಗಿಸುತ್ತದೆ.

ಇನ್ನು ಪ್ರಯೋಗಾಲಯದ ಮಾತು. ಪಿಡಿಐ ಚಟುವಟಿಕೆ ಅಳೆಯಲು ಸುಲಭದ ದಾರಿ ಇನ್ಸುಲಿನ್. ಡೈಸಲ್ಫೈಡ್ ಬಂಧ ಮುರಿಯುವ ಡಿಟಿಟಿ ಎಂಬ ರಾಸಾಯನಿಕದ ಸುಮಾರು 1 ಮಿಲಿಮೋಲಾರ್ ದ್ರಾವಣದ ಜೊತೆ ಪಿಡಿಐ ಸೇರಿಸಿದರೆ ಇನ್ಸುಲಿನ್ನಿನ ಎರಡು ಸರಪಳಿಗಳು ಬೇರ್ಪಟ್ಟು, ಬಿ ಸರಪಳಿ ಗಸಿಯಾಗುತ್ತದೆ. ಆ ಕದಡನ್ನು 650 ನ್ಯಾನೊಮೀಟರಿನಲ್ಲಿ ನೋಡಬೇಕು. ಡಿಟಿಟಿ ಒಂದೇ ಇದ್ದರೂ ತಡವಾಗಿ ಕದಡು ಬರುತ್ತದೆ, ಆದ್ದರಿಂದ ಕಿಣ್ವವಿಲ್ಲದ ಕೊಳವೆ ಪಕ್ಕದಲ್ಲಿರಲೇಬೇಕು. ಶೇಖರಣಾ ದ್ರಾವಣದಲ್ಲಿ ಡಿಟಿಟಿ ಉಳಿದಿದ್ದರೆ ನೈಟ್ರೊಸೊ ಗುಂಪನ್ನು ಅದೇ ಕಿತ್ತುಹಾಕುತ್ತದೆ. ಮೊದಲೇ ಜೆಲ್ ಕಾಲಮ್ಮಿನಲ್ಲಿ ಹಾಯಿಸಿ ತೆಗೆಯಬೇಕು.

ಕೋಶದೊಳಗಿನ ಸ್ಥಿತಿ ತಿಳಿಯಬೇಕಾದರೆ ಅವಸರ ಮಾಡಲೇಬೇಕು. ಕೋಶ ಒಡೆದ ಮೇಲೂ ಗಂಧಕಗಳು ಜೋಡಿ ಬದಲಿಸುತ್ತಲೇ ಇರುತ್ತವೆ. 10% ಟ್ರೈಕ್ಲೋರೋಅಸಿಟಿಕ್ ಆಮ್ಲ ಸುರಿದರೆ ಅದು ನಿಲ್ಲುತ್ತದೆ. ಆಮೇಲೆ ಪಿಎಚ್ 7ರ ಹತ್ತಿರ ಎನ್-ಈಥೈಲ್‌ಮ್ಯಾಲೀಮೈಡ್ ಹಾಕಿ ಬಿಡಿ ಗಂಧಕಗಳನ್ನು ಮುಚ್ಚಬೇಕು. ಪಿಎಚ್ ಇನ್ನೂ ಏರಿದರೆ ಅದು ಲೈಸೀನಿಗೂ ಅಂಟುತ್ತದೆ. ನೈಟ್ರೊಸೊ ಗುರುತಿಸುವ ಬಯೋಟಿನ್ ವಿಧಾನದಲ್ಲಿ ಆಸ್ಕಾರ್ಬೇಟ್ ಹಾಕಿ ನೈಟ್ರೊಸೊ ತೆಗೆದು, ಬಿಡಿಯಾದ ಗಂಧಕಕ್ಕೆ ಬಯೋಟಿನ್ ಗುರುತು ಅಂಟಿಸುತ್ತಾರೆ. ಅಲ್ಲೂ ಮುಚ್ಚುವಿಕೆ ಅರೆಬರೆಯಾದರೆ ಎಲ್ಲವೂ ಸುಳ್ಳು ಗುರುತೇ. ಬೆಳಕಿಗೆ ನೈಟ್ರೊಸೊ ಬಂಧ ಒಡೆಯುತ್ತದೆ, ಆದ್ದರಿಂದ ಕೆಲಸ ಮಂದ ಬೆಳಕಿನಲ್ಲಿ. ಆಸ್ಕಾರ್ಬೇಟ್ ಹಾಕದ ಒಂದು ಮಾದರಿಯನ್ನೂ ಜೊತೆಗೆ ನಡೆಸಬೇಕು.

ಫಾಸ್ಫೇಟಿನ ಬದಲು ಸೆರೀನಿನ ಜಾಗಕ್ಕೆ ಗ್ಲುಟಮೇಟ್ ಇಟ್ಟು ಪರೀಕ್ಷಿಸುವುದು ರೂಢಿ. ಆದರೆ ಗ್ಲುಟಮೇಟಿಗೆ ಋಣ ಆವೇಶ ಒಂದು, ಫಾಸ್ಫೇಟಿಗೆ ಸುಮಾರು ಎರಡು. ಹಾಗಾಗಿ ಫ್ಯಾಮ್20ಸಿಯಿಂದ ನಿಜಕ್ಕೂ ಫಾಸ್ಫೇಟ್ ಹಚ್ಚಿಸಿಕೊಂಡ ಪಿಡಿಐಯನ್ನು ಪಕ್ಕಕ್ಕಿಟ್ಟು ಅಳೆಯದೆ ತೀರ್ಮಾನಕ್ಕೆ ಬರಬಾರದು. ನಮಸ್ಕಾರ.