ಕಾರಿಗೆ ನಾವೇ ಕೈ ಹಾಕುವ ಮುನ್ನ

ಕೇಳುಗರೇ, ನಮಸ್ಕಾರ.

ಹೊಸದಾಗಿ ಕಾರು ಕೊಂಡವರು, ಅದರಲ್ಲೂ ಒಬ್ಬರ ಕೈ ದಾಟಿ ಬಂದ ಕಾರನ್ನು ಕೊಂಡವರು, ಗ್ಯಾರೇಜಿನ ಮೊದಲ ಬಿಲ್ಲನ್ನು ಬಹಳ ಶ್ರದ್ಧೆಯಿಂದ ಓದುತ್ತಾರೆ. ವೈಪರ್ ಹಾಕಿದ್ದಕ್ಕೆ ಕೂಲಿ, ಎಸಿ ಫಿಲ್ಟರ್ ತೆಗೆದು ಹಾಕಿದ್ದಕ್ಕೆ ಕೂಲಿ, ಬ್ಯಾಟರಿಯ ತುದಿ ಉಜ್ಜಿದ್ದಕ್ಕೂ ಕೂಲಿ. ‘ಇಷ್ಟನ್ನು ನಾನೇ ಮಾಡಿಕೊಳ್ಳಬಹುದಿತ್ತಲ್ಲ’ ಎಂದು ಅಲ್ಲೇ ಅನ್ನಿಸುತ್ತದೆ. ಅನ್ನಿಸುವುದರಲ್ಲಿ ತಪ್ಪಿಲ್ಲ, ಇವೆಲ್ಲ ಮನೆಯಲ್ಲೇ ಮುಗಿಯುವ ಕೆಲಸಗಳು. ಆದರೆ ಅದೇ ಉಮೇದಿನಲ್ಲಿ ಮೊಬೈಲಿನಲ್ಲಿ ಒಂದೆರಡು ವಿಡಿಯೊ ನೋಡಿ ಬ್ರೇಕ್ ಬಿಚ್ಚಲು ಕೂರುವವರೂ ಇದ್ದಾರೆ. ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಎನ್ನುವುದು ಇವತ್ತಿನ ಮಾತು.

ಕೆಲಸ ಸುಲಭವೋ ಕಷ್ಟವೋ ಎಂದು ನೋಡಿ ಗೆರೆ ಎಳೆಯುವುದು ವಾಡಿಕೆ. ಅದು ಸರಿಯಾದ ಅಳತೆಗೋಲಲ್ಲ. ಬ್ರೇಕ್ ಪ್ಯಾಡ್ ಬದಲಾಯಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಚಕ್ರ ತೆಗೆದರೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಎದುರಿಗೇ ಇರುತ್ತದೆ. ಎಷ್ಟೋ ಸಣ್ಣ ಕಾರುಗಳಲ್ಲಿ ಎರಡು ಬೋಲ್ಟು ಸಡಿಲಿಸಿದರೆ ಹಳೆಯ ಪ್ಯಾಡ್ ಈಚೆಗೆ ಬರುತ್ತದೆ. ಹೆಡ್‌ಲೈಟಿನ ಬಲ್ಬು ಬದಲಾಯಿಸುವುದೇ ಕೆಲವು ಕಾರುಗಳಲ್ಲಿ ಅದಕ್ಕಿಂತ ಹೆಚ್ಚು ಬೆವರಿಳಿಸುತ್ತದೆ. ಕೈ ಹೋಗಲು ಜಾಗವಿರುವುದಿಲ್ಲ, ಬಲ್ಬನ್ನು ಹಿಡಿದಿರುವ ತಂತಿಯ ಕೊಕ್ಕೆ ಕಣ್ಣಿಗೆ ಕಾಣುವುದಿಲ್ಲ. ಆದರೂ ಬಲ್ಬನ್ನು ನೀವೇ ಹಾಕಿಕೊಳ್ಳಿ, ಬ್ರೇಕನ್ನು ಮುಟ್ಟಬೇಡಿ ಎನ್ನುತ್ತೇನೆ.

ಏಕೆಂದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಾನು ತಪ್ಪು ಮಾಡಿದರೆ ಅದು ನನಗೆ ಎಲ್ಲಿ ಗೊತ್ತಾಗುತ್ತದೆ? ಮನೆಯಂಗಳದಲ್ಲೋ, ಶಿರಾಡಿ ಘಾಟಿಯ ಇಳಿಜಾರಿನಲ್ಲೋ? ಬಲ್ಬು ಸರಿಯಾಗಿ ಕೂರದಿದ್ದರೆ ಸ್ವಿಚ್ ಒತ್ತಿದ ಕೂಡಲೇ ಎದುರಿನ ಗೋಡೆಯ ಮೇಲೆ ಬೆಳಕು ಬೀಳುವುದಿಲ್ಲ, ಅಥವಾ ಸೊಟ್ಟಗೆ ಬೀಳುತ್ತದೆ. ಬಿಚ್ಚಿ ಮತ್ತೆ ಹಾಕಿದರಾಯಿತು. ಬ್ರೇಕಿನ ಕೆಲಸ ಹಾಗಲ್ಲ. ಹೊಸ ಪ್ಯಾಡ್ ಹಾಕಿದ ಮೇಲೆ ಪೆಡಲನ್ನು ಹಲವು ಸಲ ಒತ್ತಿ, ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಮುಂದಕ್ಕೆ ತರಬೇಕು. ಅದನ್ನು ಮರೆತು ಕಾರು ಹೊರಡಿಸಿದರೆ ಮೊದಲ ಸಲ ಒತ್ತಿದ ಪೆಡಲು ನೆಲಕ್ಕಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಪ್ಯಾಡಿಗೆ ಗ್ರೀಸ್ ತಾಗಿದ್ದರೆ, ಬೋಲ್ಟ್ ಸಾಕಷ್ಟು ಬಿಗಿಯಾಗಿರದಿದ್ದರೆ, ಅದು ತಿಳಿಯುವುದು ಓಡುತ್ತಿರುವ ಕಾರಿನಲ್ಲಿ. ಆಗ ನಿಮ್ಮ ಜೊತೆ ಮನೆಯವರೂ ಕೂತಿರುತ್ತಾರೆ, ಎದುರಿನಿಂದ ಬೇರೆಯವರೂ ಬರುತ್ತಿರುತ್ತಾರೆ.

ಇನ್ನು ಅಂಗಳದ ಕೆಲಸಗಳು. ಮೊದಲನೆಯದು ಟೈರಿನ ಗಾಳಿ. ಎಷ್ಟು ಗಾಳಿ ಬೇಕು ಎಂಬುದನ್ನು ಚಾಲಕನ ಬಾಗಿಲು ತೆರೆದರೆ ಕಾಣುವ ಕಂಬದ ಮೇಲಿನ ಚೀಟಿಯಲ್ಲಿ ಬರೆದಿರುತ್ತಾರೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಅದು 30ರಿಂದ 36 ಪಿಎಸ್‌ಐ ಆಸುಪಾಸು. ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ. ಟೈರಿನ ಮೈಮೇಲೆ ಅಚ್ಚಾಗಿರುವ ಒತ್ತಡದ ಸಂಖ್ಯೆ ಆ ಟೈರು ತಾಳಬಹುದಾದ ಗರಿಷ್ಠ, ನೀವು ತುಂಬಬೇಕಾದದ್ದಲ್ಲ. ಈ ಎರಡನ್ನು ಬೆರೆಸಿಕೊಂಡವರು ಬಹಳ. ಗಾಳಿಯನ್ನು ಟೈರು ತಣ್ಣಗಿದ್ದಾಗ, ಅಂದರೆ ಬೆಳಿಗ್ಗೆ ಕಾರು ಹೊರಡುವ ಮೊದಲು ಅಳೆಯಬೇಕು. ಹತ್ತಾರು ಕಿಲೋಮೀಟರ್ ಓಡಿಸಿ ಬಂಕಿಗೆ ಹೋಗಿ ನೋಡಿದರೆ ಟೈರು ಬಿಸಿಯಾಗಿ ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಹೆಚ್ಚಿದೆ ಎಂದು ಇಳಿಸಿಕೊಂಡು ಬಂದರೆ ಮರುದಿನ ಬೆಳಿಗ್ಗೆ ಟೈರು ಬೇಕಾದದ್ದಕ್ಕಿಂತ ಮೆತ್ತಗಿರುತ್ತದೆ. ಹಾಗಾಗಿ ಕಾರಿಗಾಗಿ ಕೊಳ್ಳುವ ಮೊದಲ ಉಪಕರಣ ಗಾಳಿ ಅಳೆಯುವ ಗೇಜ್ ಆಗಲಿ. ಕೂತಲ್ಲೇ ಟೈರಿನ ಗೆರೆಗಳ ಆಳವನ್ನೂ ನೋಡಿ. ಗೆರೆಗಳ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಸವೆದು ಸವೆದು ಟೈರಿನ ಮೈ ಆ ದಿಬ್ಬಕ್ಕೆ ಸಮನಾದರೆ ಗೆರೆಯ ಆಳ 1.6 ಮಿಲಿಮೀಟರಿಗೆ ಬಂದಿದೆ ಎಂದರ್ಥ. ಆ ಟೈರಿನ ಆಯುಷ್ಯ ಮುಗಿಯಿತು.

ವೈಪರಿನ ರಬ್ಬರು ನಮ್ಮ ಬಿಸಿಲಿಗೆ ಒಣಗಿ ಸೀಳುತ್ತದೆ. ಮೇ ತಿಂಗಳ ಕೊನೆಗೆ ಬದಲಾಯಿಸಿಕೊಂಡರೆ ಮಳೆಗಾಲಕ್ಕೆ ಚಿಂತೆಯಿಲ್ಲ. ಹಳೆಯ ಬ್ಲೇಡ್ ತೆಗೆದಾಗ ಬರಿಯ ಕಬ್ಬಿಣದ ತೋಳು ಸ್ಪ್ರಿಂಗಿನ ಬಲಕ್ಕೆ ಪಟ್ಟನೆ ಗಾಜಿನ ಮೇಲೆ ಬಡಿಯಬಹುದು, ಗಾಜಿನ ಮೇಲೆ ದಪ್ಪ ಬಟ್ಟೆಯೊಂದನ್ನು ಹಾಸಿಕೊಂಡಿರಿ. ಅಲ್ಲೇ, ವೈಪರಿನ ಬುಡದಲ್ಲಿ, ಪ್ಲಾಸ್ಟಿಕ್ ಜಾಲರಿಯೊಳಗೆ ಬೆರಳಾಡಿಸಿ ನೋಡಿ. ಹೊಂಗೆ, ಗುಲ್‌ಮೊಹರ್ ಮರದ ಕೆಳಗೆ ನಿಲ್ಲುವ ಕಾರಾದರೆ ಒಂದು ಹಿಡಿ ಕೊಳೆತ ಎಲೆ ಸಿಗುತ್ತದೆ. ಗಾಜಿನ ಮೇಲೆ ಬಿದ್ದ ಮಳೆನೀರು ಹರಿದು ಹೋಗುವ ದಾರಿ ಅದು. ಕಟ್ಟಿಕೊಂಡರೆ ನೀರು ಡ್ಯಾಶ್‌ಬೋರ್ಡಿನ ಕೆಳಗಿಂದ ಒಳಗೆ ಇಳಿಯುತ್ತದೆ. ‘ಕಾಲಡಿಯ ಕಾರ್ಪೆಟ್ ಏಕೆ ಒದ್ದೆ’ ಎಂದು ತಲೆ ಕೆಡಿಸಿಕೊಳ್ಳುವ ಎಷ್ಟೋ ಮಂದಿಗೆ ಉತ್ತರ ಈ ಎಲೆಗಳಲ್ಲಿದೆ. ಯಾವ ಸರ್ವಿಸ್ ಪಟ್ಟಿಯಲ್ಲೂ ಇದನ್ನು ಎದ್ದು ಕಾಣುವಂತೆ ಬರೆದದ್ದನ್ನು ನಾನು ಕಂಡಿಲ್ಲ. ಮಲೆನಾಡಿನವರಿಗೂ ಕರಾವಳಿಯವರಿಗೂ ಇದು ಎಂಜಿನ್ ಆಯಿಲಿನಷ್ಟೇ ಮುಖ್ಯ.

ಗಾಳಿ ಸೋಸುವ ಫಿಲ್ಟರುಗಳು ಎರಡು. ಎಸಿಯ ಫಿಲ್ಟರ್ ಬಹುಪಾಲು ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಅದರ ಅಂಚಿನಲ್ಲಿ ಗಾಳಿ ಹರಿಯುವ ದಿಕ್ಕಿಗೆ ಬಾಣದ ಗುರುತಿರುತ್ತದೆ, ಹಳೆಯದು ಹೇಗಿತ್ತೋ ಹಾಗೇ ಹೊಸದನ್ನು ಕೂರಿಸಿ. ಎಂಜಿನ್ನಿನ ಗಾಳಿ ಫಿಲ್ಟರ್ ಬಾನೆಟ್ಟಿನ ಕೆಳಗೆ ಕ್ಲಿಪ್ ಹಾಕಿದ ಪೆಟ್ಟಿಗೆಯಲ್ಲಿದೆ. ರಾಯಚೂರು, ಕಲಬುರಗಿ ಕಡೆಯ ದೂಳಿನಲ್ಲಿ ಓಡುವ ಕಾರಾದರೆ ಕೈಪಿಡಿ ಹೇಳಿದ ಅವಧಿಗಿಂತ ಮೊದಲೇ ತೆಗೆದು ನೋಡಬೇಕು.

ಬ್ಯಾಟರಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಲ್ಲಿ ಅನುಕ್ರಮ ತಪ್ಪುವಂತಿಲ್ಲ. ತುದಿಗಳ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬೆಳಿಗ್ಗೆ ಸ್ಟಾರ್ಟ್ ಆಗಲು ಕಾರು ನರಳುತ್ತದೆ. ಕೀಲಿ ಹೊರಗೆ ತೆಗೆಯಿರಿ. ಕೈಯ ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರ ಕಳಚಿಡಿ, ಕೊರಳಿನ ಸರ ಜೋತಾಡದಂತೆ ನೋಡಿಕೊಳ್ಳಿ. ಸಾಮಾನ್ಯವಾಗಿ 10 ಮಿಲಿಮೀಟರಿನ ಸ್ಪ್ಯಾನರ್ ಸಾಕು. ಮೊದಲು ಬಿಚ್ಚಬೇಕಾದದ್ದು ಮೈನಸ್ ತುದಿ. ಕಾರಣವಿದೆ. ಕಾರಿನ ಇಡೀ ಕಬ್ಬಿಣದ ಮೈ ಮೈನಸ್ಸಿಗೆ ಸೇರಿಕೊಂಡಿರುತ್ತದೆ. ಪ್ಲಸ್ಸನ್ನು ಮೊದಲು ಬಿಚ್ಚಲು ಹೋದಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ನೇರ ಶಾರ್ಟ್ ಸರ್ಕ್ಯೂಟ್. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರುತ್ತದೆ, ಅಲ್ಲಿ ಕಿಡಿ ಹಾರಬಾರದು. ಮೈನಸ್ ಬಿಚ್ಚಿ ಬದಿಗೆ ಸರಿಸಿದ ಮೇಲೆ ಪ್ಲಸ್ಸಿನ ಜೊತೆ ಆ ಭಯವಿಲ್ಲ. ಅಡುಗೆ ಸೋಡಾ ಕದಡಿದ ಬಿಸಿನೀರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿದರೆ ಪುಡಿ ನೊರೆಯಾಗಿ ಕರಗುತ್ತದೆ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು. ಒರೆಸಿ, ಒಣಗಿಸಿ, ಈಗ ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿಯಿರಿ. ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಡ್ಯಾಶ್‌ಬೋರ್ಡಿನ ಗಡಿಯಾರವನ್ನು ಮತ್ತೆ ಹೊಂದಿಸಬೇಕಾಗಬಹುದು.

ದ್ರವಗಳ ವಿಚಾರದಲ್ಲಿ ನನ್ನ ಸಲಹೆ, ಎಲ್ಲವನ್ನೂ ನೋಡಿ, ಕೆಲವನ್ನು ಮಾತ್ರ ಮುಟ್ಟಿ. ಗಾಜು ತೊಳೆಯುವ ನೀರನ್ನು ಯಾರು ಬೇಕಾದರೂ ತುಂಬಬಹುದು. ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟಿನ ಮಟ್ಟವನ್ನು ಹೊರಗಿನ ಬಿಳಿ ಡಬ್ಬಿಯ ಗೆರೆಗಳಲ್ಲೇ ನೋಡಬಹುದು. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಒತ್ತಡದಲ್ಲಿರುವ ಆ ದ್ರವ 100 ಡಿಗ್ರಿ ಮೀರಿದರೂ ಕುದಿಯದೆ ಕಾದಿರುತ್ತದೆ. ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಡಿಮೆಯಾಗಿದೆ ಎಂದು ಬೋರ್‌ವೆಲ್ ನೀರು ಸುರಿಯುವುದೂ ಬೇಡ, ಅದರ ಗಡಸು ಒಳಗೆ ಪದರ ಕಟ್ಟುತ್ತದೆ. ಬಳಸಿ ಉಳಿದ ಕೂಲಂಟ್ ಡಬ್ಬಿಯನ್ನು ಮಕ್ಕಳ ಕೈಗೂ ನಾಯಿಯ ಬಾಯಿಗೂ ಸಿಗದಂತೆ ಇಡಬೇಕು. ಕೂಲಂಟಿಗೆ ಸಾಮಾನ್ಯವಾಗಿ ಬಳಸುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷವೂ ಹೌದು.

ಬ್ರೇಕ್ ಆಯಿಲಿನ ಮಟ್ಟ ಇಳಿದಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಪ್ಯಾಡ್ ಸವೆದಂತೆ ಮಟ್ಟ ಇಳಿಯುತ್ತದೆ, ಸೋರಿದರೂ ಇಳಿಯುತ್ತದೆ. ಎರಡಕ್ಕೂ ಮೆಕ್ಯಾನಿಕ್ಕೇ ಬೇಕು. ಅಲ್ಲದೆ ಆ ದ್ರವ, ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವ ಹಾಗೆ, ಗಾಳಿಯ ತೇವ ಹೀರಿಕೊಳ್ಳುತ್ತದೆ. ಕಪಾಟಿನಲ್ಲಿ ವರ್ಷದಿಂದ ಅರ್ಧ ಖಾಲಿಯಾಗಿ ಕೂತಿರುವ ಡಬ್ಬಿಯನ್ನು ನಂಬುವಂತಿಲ್ಲ.

ಇಲ್ಲಿ ಒಂದು ತಕರಾರಿದೆ. ಎಂಜಿನ್ ಆಯಿಲ್ ಬದಲಾಯಿಸುವುದನ್ನು ಕಲಿಯುವವರ ಮೊದಲ ಪಾಠ ಎಂದು ಪರದೇಶದ ವಿಡಿಯೊಗಳೆಲ್ಲ ಹೇಳುತ್ತವೆ. ನಾನು ಒಪ್ಪುವುದಿಲ್ಲ. ಆಯಿಲ್ ಮಟ್ಟ ತೋರಿಸುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು ಎಳೆದು, ಒರೆಸಿ, ಮತ್ತೆ ಅದ್ದಿ ಮಟ್ಟ ನೋಡುವುದನ್ನು ಅಗತ್ಯವಾಗಿ ಕಲಿಯಿರಿ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ನಿಲ್ಲಿಸಿ ಕೆಲವು ನಿಮಿಷ ಕಳೆದಿರಲಿ. ಬದಲಾಯಿಸುವ ಕೆಲಸ ಬೇರೆ. ಕಾರಿನ ಕೆಳಗೆ ಹೋಗಬೇಕು. ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಾಯಿಸಲಿಕ್ಕೆ ಇರುವುದು, ಅದನ್ನು ನಂಬಿ ಕೆಳಗೆ ಮಲಗಿದವರು ಜೀವ ಕಳೆದುಕೊಂಡಿದ್ದಾರೆ. ಎಂಜಿನ್ನಿನ ಅಲ್ಯೂಮಿನಿಯಂ ತಳದಲ್ಲಿ ಆಯಿಲ್ ಇಳಿಸುವ ಬೋಲ್ಟನ್ನು ಒಂದಿಷ್ಟು ಹೆಚ್ಚು ಬಿಗಿದರೆ ಮರೆಯೇ, ಅಂದರೆ ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆಯೇ, ಕಿತ್ತುಬರುತ್ತದೆ. ಹಳೆಯ ಆಯಿಲ್ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿ ಉಳಿದುಬಿಡುವುದುಂಟು. ಅದನ್ನು ಗಮನಿಸದೆ ಹೊಸದನ್ನು ಹಾಕಿದರೆ ಎರಡು ಉಂಗುರ ಒಂದರ ಮೇಲೊಂದು ಕೂರುತ್ತವೆ. ನಿಂತ ಕಾರಿನಲ್ಲಿ ಹನಿಯೂ ಸೋರದಿರಬಹುದು. ಹೆದ್ದಾರಿಯಲ್ಲಿ ಒತ್ತಡ ಏರಿದಾಗ ಆಯಿಲೆಲ್ಲ ಹೊರಗೆ ಹೋಗುತ್ತದೆ, ಎಂಜಿನ್ ಕಚ್ಚಿಕೊಳ್ಳುತ್ತದೆ. ನಾನು ಹೇಳಿದ ಅಂಗಳ ಮತ್ತು ಘಾಟಿಯ ಲೆಕ್ಕದಲ್ಲಿ ಇದು ಘಾಟಿಯ ಕಡೆಗೇ ಸೇರಿದ್ದು. ಇಷ್ಟಾಗಿ, ಕೈಯಲ್ಲಿ ಉಳಿದ ಮೂರು ನಾಲ್ಕು ಲೀಟರ್ ಕರಿ ಎಣ್ಣೆಯನ್ನು ಏನು ಮಾಡುತ್ತೀರಿ? ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಚರಂಡಿಗೆ ಸುರಿಯುವಂತಿಲ್ಲ. ಗ್ಯಾರೇಜಿನಲ್ಲಾದರೆ ಅದನ್ನು ಸಂಗ್ರಹಿಸಿ ಕೊಡುವ ಏರ್ಪಾಡಿರುತ್ತದೆ. ನಮ್ಮಲ್ಲಿ ಆಯಿಲ್ ಬದಲಾವಣೆಯ ಕೂಲಿಯೂ ಬಿಲ್ಲಿನ ಸಣ್ಣ ಭಾಗ. ಉಳಿಸುವ ಹಣಕ್ಕೆ ಈ ಉಪದ್ವ್ಯಾಪ ತಕ್ಕದ್ದಲ್ಲ.

ಕೆಲವಕ್ಕೆ ಯೋಚನೆಯೇ ಬೇಡ. ಹಳದಿ ಬಣ್ಣದ ಏರ್‌ಬ್ಯಾಗ್ ಕನೆಕ್ಟರುಗಳು, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳು, ಒತ್ತಿ ಹಿಡಿದ ಸಸ್ಪೆನ್ಷನ್ ಸ್ಪ್ರಿಂಗ್, ಎಸಿಯ ಗ್ಯಾಸ್, ಸಿಎನ್‌ಜಿ ಕೊಳವೆ. ಇವುಗಳ ಹತ್ತಿರ ಕೈ ಹೋಗಬಾರದು.

ಆದರೆ ಸ್ಟೆಪ್ನಿ ಹಾಕುವುದನ್ನು ಮಾತ್ರ ಮನೆಯ ಮುಂದೆಯೇ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ. ರಾತ್ರಿ ಹೆದ್ದಾರಿಯ ಅಂಚಿನಲ್ಲಿ ಹೇಗೂ ಒಂದು ದಿನ ಅದನ್ನು ಮಾಡಬೇಕಾಗುತ್ತದೆ, ಆಗ ಜಾಕ್ ಎಲ್ಲಿದೆ ಎಂದು ಹುಡುಕುವ ಸ್ಥಿತಿ ಬೇಡ. ಗಟ್ಟಿ, ಸಮತಟ್ಟು ನೆಲ ಇರಲಿ. ಕಾರು ಮೊದಲ ಗೇರಿನಲ್ಲಿರಲಿ, ಆಟೊಮ್ಯಾಟಿಕ್ ಆದರೆ ಪಾರ್ಕಿಂಗ್‌ನಲ್ಲಿ. ಹ್ಯಾಂಡ್‌ಬ್ರೇಕ್ ಎಳೆದು ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಒಂದಿಷ್ಟು ಸಡಿಲಿಸಿ, ಆಮೇಲೆ ಎತ್ತಿ. ಹಾಕುವಾಗ ಒಂದರ ನಂತರ ಅದರ ಎದುರಿನದನ್ನು ಬಿಗಿಯುತ್ತ ಹೋಗಿ, ಕೊನೆಯ ಬಿಗಿ ಕಾರು ಕೆಳಗಿಳಿದ ಮೇಲೆ. ಅಲ್ಲಿಂದ ಹೊರಟು ಸಿಗುವ ಮೊದಲ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿ, ನಟ್ಟುಗಳ ಬಿಗಿಯನ್ನೂ ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿಕೊಳ್ಳಿ. ತಿಂಗಳುಗಟ್ಟಲೆ ಡಿಕ್ಕಿಯಲ್ಲಿ ಮಲಗಿದ್ದ ಚಕ್ರದಲ್ಲಿ ಗಾಳಿ ಸಾಕಷ್ಟು ಇರುವುದು ಅಪರೂಪ.

ಗ್ಯಾರೇಜಿಗೆ ಬಿಟ್ಟುಕೊಟ್ಟ ಕೆಲಸಗಳಲ್ಲೂ ನಿಮಗೆ ಒಂದು ಪಾತ್ರವಿದೆ. ಬದಲಾಯಿಸಿದ ಹಳೆಯ ಭಾಗವನ್ನು ತೋರಿಸಿ ಎಂದು ಕಾರು ಬಿಡುವಾಗಲೇ ಹೇಳಿ. ಸವೆದ ಪ್ಯಾಡನ್ನು ಹೊಸದರ ಪಕ್ಕ ಹಿಡಿದು ದಪ್ಪ ನೋಡಿ, ಎಷ್ಟು ಕಿಲೋಮೀಟರಿಗೆ ಅಷ್ಟು ಸವೆಯಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ‘ಪ್ಯಾಡ್ ಹೋಗಿದೆ’ ಎಂದು ಯಾರಾದರೂ ಹೇಳಿದಾಗ ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸಲು ನಿಮ್ಮ ಕೈಯಲ್ಲಿ ಒಂದು ಲೆಕ್ಕವಿರುತ್ತದೆ.

ನಮಸ್ಕಾರ.