ಸುಡುವುದಾ, ಹೂಳುವುದಾ? ಮಣ್ಣು ಏನು ಹೇಳುತ್ತದೆ

[ದೃಶ್ಯ: ಕರಾವಳಿಯ ಜುಲೈ ಮಳೆ. ತಗಡಿನ ಚಪ್ಪರದ ಖಾಲಿ ಸ್ಮಶಾನ. ಪಕ್ಕದಲ್ಲಿ ಒದ್ದೆ ಕಟ್ಟಿಗೆ ರಾಶಿ.]

ನಮಸ್ಕಾರ. ಇವತ್ತಿನ ಪ್ರಶ್ನೆ ಕುಮಟಾದ ವೀಕ್ಷಕರೊಬ್ಬರದು. "ನಮ್ಮೂರಲ್ಲಿ ಒಬ್ಬರು ತೀರಿಕೊಂಡರೆ ಒಂದು ಮಾವಿನ ಮರವೂ ಹೋಗುತ್ತದೆ. ಹಾಗಾದರೆ ಹೂಳುವುದೇ ಪರಿಸರಕ್ಕೆ ಒಳ್ಳೆಯದಾ?"

ಈ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಯಾರೂ ಊಟದ ಹೊತ್ತಿಗೆ ಮಾತಾಡುವ ವಿಷಯ ಅಲ್ಲ, ಗೊತ್ತು. ಆದರೆ ಎಲ್ಲರ ಮನೆಗೂ ಬರುವ ವಿಷಯ ಅಲ್ವಾ? ದುಃಖದ ದಿನ ಇದನ್ನೆಲ್ಲ ಯೋಚಿಸಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಬೇರೆ ದಿನ ಮಾತಾಡಬೇಕು.

ಸುಟ್ಟರೆ ಹೊಗೆ ಬರುತ್ತದೆ, ಹೂಳಲು ಜಾಗ ಬೇಕು. ಇಷ್ಟು ಎಲ್ಲರಿಗೂ ಗೊತ್ತು. ಮುಂದೆ ಹೋಗೋಣ.

ಮೊದಲು ಕಟ್ಟಿಗೆ ಲೆಕ್ಕ. ಬಯಲಲ್ಲಿ ಚಿತೆ ಒಟ್ಟಿದರೆ ಸಾಮಾನ್ಯವಾಗಿ 400ರಿಂದ 500 ಕೆಜಿ ಕಟ್ಟಿಗೆ ಬೇಕು. ನಮ್ಮ ದೇಹದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ಆ ನೀರು ಆವಿಯಾಗಿ ಹೋಗುವ ತನಕ ದೇಹ ಸರಿಯಾಗಿ ಉರಿಯುವುದಿಲ್ಲ. ಬಯಲಿನ ಬೆಂಕಿಯ ಶಾಖದಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ. ಇನ್ನು ಹಸಿ ಮಾವಿನ ಮರ. ಈಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂದರೆ ಮರದ ಒಂದು ಪಾಲು ಮರವನ್ನೇ ಒಣಗಿಸಲು ಉರಿಯುತ್ತದೆ. ಮಳೆಗಾಲದಲ್ಲಿ ಕೇಳುವುದೇ ಬೇಡ. ಆಗಲೇ ಡೀಸೆಲ್ ಬರುತ್ತದೆ, ಕೆಲವು ಕಡೆ ಹಳೇ ಟೈರೂ ಬರುತ್ತದೆ. ಟೈರಿನ ಹೊಗೆ ಎಂಥ ವಿಷ ಅಂದರೆ, ಅಲ್ಲಿ ನಿಂತು ಅಳುವ ಮನೆಯವರೇ ಅದನ್ನು ಮೊದಲು ಕುಡಿಯುತ್ತಾರೆ. ನನಗೆ ಇದು ಸಹಿಸಲಾಗದ ಮಾತು.

ದಾರಿ ಇಲ್ಲವೇ? ಇದೆ. ದೆಹಲಿಯಲ್ಲಿ ಮೋಕ್ಷದಾ ಎಂಬ ಸಂಸ್ಥೆ 1990ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಕಬ್ಬಿಣದ ತಟ್ಟೆಯ ಮೇಲೆ ಚಿತೆ, ಕೆಳಗಿಂದ ಗಾಳಿ, ಮೇಲೆ ಚಿಮಣಿ. ಮಂತ್ರ, ಅಗ್ನಿಸ್ಪರ್ಶ, ಕಪಾಲಕ್ರಿಯೆ ಎಲ್ಲ ಹಾಗೇ ನಡೆಯುತ್ತದೆ. ಕಟ್ಟಿಗೆ ಮಾತ್ರ 150ರಿಂದ 200 ಕೆಜಿಗೆ ಇಳಿಯುತ್ತದೆ. ಶಾಸ್ತ್ರಕ್ಕೆ ಒಂದು ಮಾವಿನ ಕೊಂಬೆ ಸಾಕು ಅಂತ ನನ್ನ ನಂಬಿಕೆ. ಉಳಿದದ್ದು ಒಣ ಕಟ್ಟಿಗೆ, ತೆಂಗಿನ ಕರಟ. ಕರಟಕ್ಕೆ ನಮ್ಮಲ್ಲಿ ಬರ ಇಲ್ಲ, ಚೆನ್ನಾಗಿ ಉರಿಯುತ್ತದೆ ಕೂಡ. 1983ರಲ್ಲಿ ಶಿರಸಿ ಹತ್ತಿರದ ಸಲ್ಕಣಿಯ ಕಾಡಿನಲ್ಲಿ ಜನ ಮರ ತಬ್ಬಿಕೊಂಡು ಕೊಡಲಿ ನಿಲ್ಲಿಸಿದ ಜಿಲ್ಲೆ ನಮ್ಮ ಉತ್ತರ ಕನ್ನಡ. ಫಲ ಕೊಡುವ ಮರವನ್ನು ಒಂದು ದಿನಕ್ಕಾಗಿ ಕೆಡವುವುದು ನಮಗೆ ಹೊಂದುವುದಿಲ್ಲ.

[ದೃಶ್ಯ: ಹಿಮ ಮುಚ್ಚಿದ ನಾರ್ವೆಯ ಸ್ಮಶಾನದ ಚಿತ್ರ]

ಈಗ ಹೂಳುವುದು. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಈ ವಿಡಿಯೋ ಮಾಡಬೇಕು ಅನಿಸಿದ್ದೇ ಈ ಕಥೆ ಓದಿದ ಮೇಲೆ.

ನಾರ್ವೆ. ಬೆಟ್ಟ, ಬಂಡೆ, ಸಮುದ್ರದ ದೇಶ. ಗೋರಿಗೆ ಜಾಗ ಕಡಿಮೆ. ಹಾಗಾಗಿ ಅಲ್ಲಿ ಒಂದು ಗೋರಿಯ ಜಾಗವನ್ನು 20 ವರ್ಷದ ನಂತರ ಮತ್ತೆ ಬಳಸಬಹುದು. ಅಷ್ಟರಲ್ಲಿ ದೇಹ ಮಣ್ಣಾಗಿರುತ್ತದೆ ಅನ್ನುವ ಲೆಕ್ಕ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಹೊಸ ರೂಢಿ ಬಂತು. ಶುಚಿಯಾಗಿರಲಿ ಅಂತ ದೇಹವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ಹೂಳುವುದು. ಸುಮಾರು ಮೂರು ದಶಕ ಇದೇ ನಡೆಯಿತು. ಲಕ್ಷಾಂತರ ಗೋರಿಗಳಾದವು.

ಆಮೇಲೆ ಜಾಗ ಮತ್ತೆ ಬಳಸಲು ಅಗೆದರು. ಪೆಟ್ಟಿಗೆ ಮಣ್ಣಾಗಿತ್ತು. ದೇಹ ಹಾಗೇ ಇತ್ತು.

ಯಾಕೆ ಅಂತ ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಬೆಟ್ಟದ ಸೊಪ್ಪು ತಂದು ಕೊಟ್ಟಿಗೆಯಲ್ಲಿ ಹಾಸಿ, ಸಗಣಿ ಗಂಜಲ ಸೇರಿದ ಮೇಲೆ ಗೊಬ್ಬರಗುಂಡಿಗೆ ಹಾಕುತ್ತೀರಿ. ಗಾಳಿ ಆಡುತ್ತಿದ್ದರೆ ಗುಂಡಿ ಬಿಸಿಯಾಗುತ್ತದೆ, ಸೊಪ್ಪು ಬೇಗ ಕಳಿಯುತ್ತದೆ. ಅದೇ ಸೊಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ? ನಾರುತ್ತದೆ, ಗೊಬ್ಬರ ಆಗುವುದಿಲ್ಲ. ಕಳಿಸುವ ಜೀವಿಗಳಿಗೂ ಉಸಿರು ಬೇಕು. ಗಾಳಿಯೇ ಇಲ್ಲದ ಒದ್ದೆ ಜಾಗದಲ್ಲಿ ದೇಹದ ಕೊಬ್ಬು ಕಳಿಯುವ ಬದಲು ಮೇಣದ ಹಾಗೆ ಗಟ್ಟಿಯಾಗುತ್ತದೆ. ಒಮ್ಮೆ ಹಾಗಾದರೆ ದಶಕಗಟ್ಟಲೆ ಉಳಿಯಬಹುದು. ಜರ್ಮನಿಯ ಕೆಲವು ಸ್ಮಶಾನಗಳಲ್ಲಿ ಪ್ಲಾಸ್ಟಿಕ್ ಇಲ್ಲದೆಯೂ ಇದೇ ತೊಂದರೆ ಇದೆ. ಅಲ್ಲಿ ಗಾಳಿ ತಡೆದದ್ದು ನೀರು ನಿಲ್ಲುವ ಜೇಡಿಮಣ್ಣು.

ನಾರ್ವೆಯವರು ಏನು ಮಾಡಿದರು? ಸ್ಮಶಾನದಲ್ಲಿ ಕೆಲಸ ಮಾಡಿದ್ದ ಒಬ್ಬರು ಉಪಾಯ ಕಂಡುಹಿಡಿದರು. ಉದ್ದದ ಕೊಳವೆಯನ್ನು ನೆಲಕ್ಕೆ ಚುಚ್ಚಿ, ಪ್ಲಾಸ್ಟಿಕ್‌ಗೆ ತೂತು ಮಾಡಿ, ಸುಣ್ಣದ ದ್ರಾವಣವನ್ನು ಒಳಗೆ ಹಾಯಿಸಿದರು. ಸುಮಾರು ಒಂದು ವರ್ಷದೊಳಗೆ ಮಣ್ಣು ತನ್ನ ಕೆಲಸ ಮುಗಿಸುತ್ತದೆ. ಆದರೆ ಇದಕ್ಕೆ ಸತ್ತವರ ಮನೆಯವರನ್ನು ಮತ್ತೆ ಹುಡುಕಿ ಮಾತಾಡಬೇಕು. ಇಪ್ಪತ್ತು, ಮೂವತ್ತು ವರ್ಷದ ಹಿಂದೆ ಮುಗಿದ ದುಃಖವನ್ನು ಮತ್ತೆ ಕೆದಕಬೇಕು. ಒಂದು ಪ್ಲಾಸ್ಟಿಕ್ ಹಾಳೆಗೆ ಇಷ್ಟೆಲ್ಲ.

ಇದು ದೂರದ ಕಥೆ ಅನ್ನಬೇಡಿ. 2020ರಲ್ಲಿ ಕೊರೊನಾ ಬಂದಾಗ ನಮ್ಮಲ್ಲೂ ದೇಹಗಳನ್ನು ಸೋರದ ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರು. ಆಗಿನ ಭಯದಲ್ಲಿ ಅದು ಸರಿ ಇತ್ತು. ಚೀಲದ ಸಮೇತ ಹೂತಲ್ಲೆಲ್ಲ ಆ ಪ್ಲಾಸ್ಟಿಕ್ ಇನ್ನೂ ನೆಲದೊಳಗಿದೆ.

ಹಾಗಾದರೆ ಹೂಳುವುದರಲ್ಲಿ ಪರಿಸರಕ್ಕೆ ಹಗುರವಾದದ್ದು ಯಾವುದು? ಭಟ್ಕಳದ ಮುಸ್ಲಿಮರನ್ನು ನೋಡಿ. ಬಿಳಿ ಹತ್ತಿ ಬಟ್ಟೆ, ನೇರ ಮಣ್ಣು. ಪೆಟ್ಟಿಗೆ ಇಲ್ಲ. ಹಳಿಯಾಳ, ಮುಂಡಗೋಡ ಕಡೆಯ ಲಿಂಗಾಯತರು ಕೂರಿಸಿ ಹೂಳುತ್ತಾರೆ. ವಿಭೂತಿ, ಬಿಲ್ವಪತ್ರೆ, ಮಣ್ಣು. ಪಶ್ಚಿಮದ ದೇಶಗಳಲ್ಲಿ "ಹಸಿರು ಶವಸಂಸ್ಕಾರ" ಅಂತ ಈಗ ದುಡ್ಡು ಕೊಟ್ಟು ಕೇಳುವುದು ಹೆಚ್ಚುಕಡಿಮೆ ಇದನ್ನೇ. ನಮ್ಮ ಕ್ರೈಸ್ತ ಗೆಳೆಯರಿಗೆ ಪೆಟ್ಟಿಗೆ ಬೇಕೇ ಬೇಕು ಅಂದರೆ ಸಾದಾ ಮರ ಸಾಕು. ಪಾಲಿಶ್, ಲೋಹದ ಹಿಡಿಕೆ, ಪ್ಲಾಸ್ಟಿಕ್ ಹೂವು ಬೇಡ.

[ದೃಶ್ಯ: ಚಿರೇಕಲ್ಲಿನ ಬಾವಿ. ಮಳೆಗಾಲದಲ್ಲಿ ಕೈಗೆ ಸಿಗುವಷ್ಟು ಮೇಲೆ ಬಂದ ನೀರು.]

ಆದರೆ ಕರಾವಳಿಯಲ್ಲಿ ಒಂದು ತೊಡಕು ಇದೆ. ನೀರು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ. ಚಿರೇಕಲ್ಲಿನ ಮೈತುಂಬಾ ತೂತು, ಮೇಲಿನ ನೀರು ಸರಸರ ಕೆಳಗಿಳಿಯುತ್ತದೆ. ಸಮುದ್ರದ ಬದಿಯ ಮರಳು ನೆಲದಲ್ಲೂ ಅಷ್ಟೇ. ಮನೆಮನೆಗೂ ಬಾವಿ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಸ್ಮಶಾನಗಳ ಬಗ್ಗೆ ಒಂದು ವರದಿ ತಂದಿತು. ಕುಡಿಯುವ ನೀರಿನ ಬಾವಿಯಿಂದ 250 ಮೀಟರ್ ಒಳಗೆ ಹೂಳಬಾರದು, ಗುಂಡಿಯ ತಳದ ಕೆಳಗೆ ಕನಿಷ್ಠ 1 ಮೀಟರ್ ಮಣ್ಣು ಉಳಿದಿರಬೇಕು ಅನ್ನುತ್ತದೆ ಅದು. ಯಾಕೆಂದರೆ ಮಣ್ಣೇ ಇಲ್ಲಿ ಸೋಸುವ ಬಟ್ಟೆ. ದೇಹದಿಂದ ಇಳಿಯುವ ನೀರು ಆ ಮಣ್ಣಿನಲ್ಲಿ ನಿಧಾನವಾಗಿ ಹಾದರೆ ಸೂಕ್ಷ್ಮಜೀವಿಗಳು ಅದನ್ನು ಶುದ್ಧ ಮಾಡುತ್ತವೆ. ಗುಂಡಿಯೇ ನೀರಿಗೆ ಮುಟ್ಟಿದರೆ ಸೋಸಲು ಏನೂ ಉಳಿಯುವುದಿಲ್ಲ. ಆಳ ಹೂತಷ್ಟೂ ಒಳ್ಳೆಯದು ಅಂತ ನಾವು ಅಂದುಕೊಂಡಿದ್ದೇವೆ. ನಮ್ಮ ನೆಲದಲ್ಲಿ ಅದು ಉಲ್ಟಾ.

ಅಸ್ಥಿ ವಿಷಯ ಚಿಕ್ಕದಾಗಿ. ಗೋಕರ್ಣದಲ್ಲಿ ಬಿಡುವ ಬೂದಿ ಬಹುಪಾಲು ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್. ಅದರಿಂದ ಸಮುದ್ರಕ್ಕೆ ಅಂಥ ಕೇಡಿಲ್ಲ. ಕೇಡು ಇರುವುದು ಜೊತೆಗೆ ಬಿಡುವ ಪ್ಲಾಸ್ಟಿಕ್ ಚೀಲ, ಪಾಲಿಯೆಸ್ಟರ್ ಬಟ್ಟೆಯಲ್ಲಿ. ನೆನಪಿಗೆ ಗಿಡ ನೆಡುವವರು ಒಂದು ಮಾತು ಕೇಳಿ. ಬೂದಿಯನ್ನು ಎಳೆ ಗಿಡದ ಬುಡಕ್ಕೆ ಒಟ್ಟಿಗೆ ಸುರಿಯಬೇಡಿ. ಅದರಲ್ಲಿ ಉಪ್ಪು ಮತ್ತು ಕ್ಷಾರ ಜಾಸ್ತಿ, ಗಿಡ ಸಾಯುತ್ತದೆ. ತುಂಬಾ ಮಣ್ಣು, ಗೊಬ್ಬರದ ಜೊತೆ ಸ್ವಲ್ಪವೇ ಬೆರೆಸಿ.

ಸಮಯ ಮೀರುತ್ತಿದೆ. ಬೇರೆ ದೇಶದ ಪದ್ಧತಿಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಟಿಬೆಟ್. ನಮ್ಮ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ ನೆರೆಯವರ ಮೂಲ ನಾಡು. ಅಲ್ಲಿ ಎತ್ತರದ ಜಾಗಗಳಲ್ಲಿ ನೆಲ ಹೆಪ್ಪುಗಟ್ಟಿರುತ್ತದೆ, ಕಟ್ಟಿಗೆ ಸಿಗುವುದಿಲ್ಲ. ದೇಹವನ್ನು ರಣಹದ್ದುಗಳಿಗೆ ಕೊಡುತ್ತಾರೆ. ಕೊನೆಯ ದಾನ ಅದು. ಮುಂಬೈಯ ಪಾರ್ಸಿಗಳೂ ಮಲಬಾರ್ ಹಿಲ್‌ನ ದಖ್ಮಾ ಎಂಬ ಮೌನಗೋಪುರಗಳಲ್ಲಿ ರಣಹದ್ದುಗಳನ್ನೇ ನಂಬಿದ್ದರು. ಆದರೆ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. ಕೆಲವು ಜಾತಿಗಳಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಹಕ್ಕಿಗಳು ನಾಶವಾದವು. ಕಾರಣ ಗೊತ್ತಾದದ್ದು 2004ರಲ್ಲಿ, ಭಾರತ ಆ ಪಶು ಔಷಧ ನಿಷೇಧಿಸಿದ್ದು 2006ರಲ್ಲಿ. ಹಕ್ಕಿ ಹೋಯಿತು, ಜೊತೆಗೆ ಒಂದು ಸಮುದಾಯದ ಸಂಸ್ಕಾರವೂ ಸಿಕ್ಕಿಹಾಕಿಕೊಂಡಿತು. ಈಗ ಅಲ್ಲಿ ದೇಹ ಒಣಗಲಿ ಅಂತ ಬಿಸಿಲನ್ನು ಒಟ್ಟುಗೂಡಿಸುವ ಕನ್ನಡಿಗಳನ್ನು ಇಟ್ಟಿದ್ದಾರೆ. ಮಳೆಗಾಲದಲ್ಲಿ ಬಿಸಿಲೇ ಇರುವುದಿಲ್ಲ. ಈ ವಿಷಯಕ್ಕೇ ಒಂದು ಪೂರ್ತಿ ವಿಡಿಯೋ ಮಾಡಬೇಕು, ಮಾಡುತ್ತೇನೆ.

ಇಂಡೋನೇಷ್ಯಾದ ತೊರಾಜಾ ಜನ ಸತ್ತವರನ್ನು ತಿಂಗಳು, ಕೆಲವೊಮ್ಮೆ ವರ್ಷಗಟ್ಟಲೆ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ದೊಡ್ಡ ಸಂಸ್ಕಾರಕ್ಕೆ ದುಡ್ಡು, ಎಮ್ಮೆಗಳು ಕೂಡಿಬರುವ ತನಕ, ಮನೆಯವರ ಪಾಲಿಗೆ ಅವರು ಸತ್ತವರಲ್ಲ, ಕಾಯಿಲೆಯವರು. ಘಾನಾದ ಗಾ ಜನ ಮೀನುಗಾರನಿಗೆ ಮೀನಿನ ಆಕಾರದ ಪೆಟ್ಟಿಗೆ ಕೆತ್ತುತ್ತಾರೆ. ಕಾರವಾರದವರಿಗೆ ಇದು ಮನಸ್ಸಿಗೆ ಹತ್ತಿರ ಆಗಬಹುದು. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 2021ರಲ್ಲಿ ತೀರಿಕೊಂಡಾಗ, ಅವರದೇ ಇಚ್ಛೆಯಂತೆ, ಬೆಂಕಿಯ ಬದಲು ಬಿಸಿ ಕ್ಷಾರದ ನೀರಿನಲ್ಲಿ ದೇಹವನ್ನು ಕರಗಿಸಿದರು. ಅಮೆರಿಕದ ವಾಷಿಂಗ್ಟನ್ ರಾಜ್ಯ 2019ರಲ್ಲಿ ದೇಹವನ್ನು ಮರದ ಚೂರು, ಹುಲ್ಲಿನ ಜೊತೆ ಗೊಬ್ಬರ ಮಾಡಲು ಕಾನೂನು ತಂದಿತು. ಕೆಲವು ವಾರಗಳಲ್ಲಿ ಮಣ್ಣು ಸಿದ್ಧ, ಮನೆಯವರು ಬೇಕಾದರೆ ಒಯ್ಯಬಹುದು.

ಕುಮಟಾದ ಗೆಳೆಯರೇ, ಒಣ ಕಟ್ಟಿಗೆಯ, ಚಿಮಣಿಯ ಚಿತೆಯೂ ಒಳ್ಳೆಯದು. ಬರಿ ಬಟ್ಟೆಯಲ್ಲಿ, ನೀರಿನಿಂದ ಮೇಲೆ ಹೂಳುವುದೂ ಒಳ್ಳೆಯದು. ಟೈರೂ ಪ್ಲಾಸ್ಟಿಕ್ಕೂ ಎರಡನ್ನೂ ಕೆಡಿಸುತ್ತವೆ.

[ತೆರೆಯ ಮೇಲೆ: 250 ಮೀಟರ್]

ಈಗ ಒಂದು ಕೆಲಸ. ನಿಮ್ಮೂರಿನ ಸ್ಮಶಾನ, ಖಬರಸ್ತಾನ ಅಥವಾ ಸಿಮೆಟ್ರಿಯಿಂದ ಹತ್ತಿರದ ಕುಡಿಯುವ ಬಾವಿಗೆ ಎಷ್ಟು ದೂರ ಅಂತ ಮೊಬೈಲ್ ನಕ್ಷೆಯಲ್ಲಿ ಅಳೆಯಿರಿ. ಜುಲೈಯಲ್ಲಿ ಆ ಬಾವಿಯ ನೀರು ಎಷ್ಟು ಮೇಲೆ ಬರುತ್ತದೆ ಅಂತ ಅಕ್ಕಪಕ್ಕದ ಹಿರಿಯರನ್ನು ಕೇಳಿ. ಎರಡನ್ನೂ ಊರಿನ ಹೆಸರಿನ ಜೊತೆ ನಮಗೆ ಕಳಿಸಿ. 250 ಮೀಟರ್‌ಗಿಂತ ಕಡಿಮೆ ಇದ್ದರೆ ಮುಂದಿನ ಗ್ರಾಮಸಭೆಯಲ್ಲಿ ಆ ಬಾವಿಯ ನೀರಿನ ಪರೀಕ್ಷೆ ಕೇಳಿ. ನೀರಿನ ವರದಿ ಓದುವುದು ಹೇಗೆ ಅಂತ ಮುಂದಿನ ವಾರ ಹೇಳುತ್ತೇನೆ.