ಸ್ಪ್ಯಾಮ್‌ಗೆ ಎದುರೇಟು ಕೊಟ್ಟರೆ ಪೆಟ್ಟು ಯಾರಿಗೆ?

ಕೇಳುಗರಿಗೆ ನಮಸ್ಕಾರ.

ಬೆಳಗ್ಗೆ ಮೊಬೈಲ್ ತೆಗೆದರೆ ಇಮೇಲಿನಲ್ಲಿ ಏನಿರುತ್ತದೆ ಅಂತ ನಿಮಗೂ ಗೊತ್ತು. ನಾವು ಕೇಳದ ಸಾಲ ಮಂಜೂರಾಗಿರುತ್ತದೆ. ಅರ್ಜಿಯನ್ನೇ ಹಾಕದ ಕೆಲಸ ಸಿಕ್ಕಿರುತ್ತದೆ. ಕೊಳ್ಳದ ಲಾಟರಿಗೆ ಬಹುಮಾನ ಬಂದಿರುತ್ತದೆ. ಹೀಗೆ ಕೇಳದೆ ಬಂದು ಬೀಳುವ ಮೇಲ್‌ಗೇ ಸ್ಪ್ಯಾಮ್ ಅನ್ನುವುದು. ಕೆಲವರು ಅಳಿಸಿ ಸುಮ್ಮನಾಗುತ್ತಾರೆ, ಕೆಲವರಿಗೆ ಮೈಯೆಲ್ಲ ಉರಿಯುತ್ತದೆ. "ಇವರಿಗೆ ಒಂದು ಸಲ ಸರಿಯಾಗಿ ಬಿಸಿ ಮುಟ್ಟಿಸಬೇಕು ಸಾರ್" ಅಂತ ಕಾಲೇಜು ಹುಡುಗರು ನನ್ನ ಹತ್ತಿರ ಹೇಳುತ್ತಿರುತ್ತಾರೆ. ಚಿತ್ರದುರ್ಗದ ಹುಡುಗರಲ್ಲವೇ, ಮಾತು ಎಲ್ಲಿಂದ ಶುರುವಾದರೂ ಒನಕೆ ಓಬವ್ವನ ಹತ್ತಿರ ಬಂದೇ ಬರುತ್ತದೆ. ಕಿಂಡಿಯಲ್ಲಿ ನುಸುಳಿ ಬಂದವನಿಗೆ ಒನಕೆಯಿಂದಲೇ ಉತ್ತರ ಕೊಡಬೇಕು ಅನ್ನುತ್ತಾರೆ.

ಆ ಸಿಟ್ಟು ತಪ್ಪು ಅಂತ ನಾನು ಹೇಳುವುದಿಲ್ಲ. ಸ್ಪ್ಯಾಮ್ ಕಳಿಸುವವನ ಮೇಲೆ ನನಗೆ ಕನಿಕರವೇನೂ ಇಲ್ಲ. ಆದರೆ ಕಿಂಡಿಯೊಳಗೆ ತೂರಿದ ತಲೆ ಹೈದರಾಲಿಯ ಸೈನಿಕನದೇ ಅಂತ ಓಬವ್ವನಿಗೆ ಕಣ್ಣಾರೆ ಕಾಣುತ್ತಿತ್ತು. ಇಮೇಲಿನಲ್ಲಿ ನಮಗೆ ಕಾಣುವುದು ಒಂದು ವಿಳಾಸ, ಅಷ್ಟೇ. ಅದನ್ನು ಯಾರು ಬೇಕಾದರೂ ಬರೆದಿರಬಹುದು.

ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೇಲ್ ಒಂದು ಸರ್ವರಿನಿಂದ, ಅಂದರೆ ಮೇಲ್ ಸಾಗಿಸುವ ಕಂಪ್ಯೂಟರಿನಿಂದ, ಇನ್ನೊಂದಕ್ಕೆ ಹೋಗುವುದು ಎಸ್‌ಎಂಟಿಪಿ ಎಂಬ ನಿಯಮಾವಳಿಯ ಪ್ರಕಾರ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಅದನ್ನು 1982ರಲ್ಲಿ ಬರೆದಾಗ ಕಂಪ್ಯೂಟರ್ ಜಾಲದಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯಗಳವರು, ಸಂಶೋಧಕರು. ಕಳಿಸಿದವರ ಹೆಸರು ನಿಜವೋ ಸುಳ್ಳೋ ಅಂತ ತಪಾಸಣೆ ಮಾಡುವ ಏರ್ಪಾಡು ಅದರಲ್ಲಿ ಇರಲೇ ಇಲ್ಲ. ಆಮೇಲೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಅಂತ, ಕಳಿಸಿದವರ ವಿಳಾಸ ನಿಜವೇ ಎಂದು ನೋಡುವ ಪರೀಕ್ಷೆಗಳು ಬಂದವು. ದೊಡ್ಡ ಬ್ಯಾಂಕುಗಳು ಅವನ್ನು ಹಾಕಿಕೊಂಡಿವೆ. ಸಣ್ಣಪುಟ್ಟ ಅಂಗಡಿಯವರಿಗೆ ಅಂಥದ್ದೊಂದು ಇದೆ ಅನ್ನುವುದೂ ಗೊತ್ತಿರುವುದಿಲ್ಲ.

ಬಿ.ಡಿ. ರಸ್ತೆಯ ಕಡೆ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರಿದ್ದಾರೆ. ಅಂಗಡಿ ಹೆಸರಲ್ಲಿ ಒಂದು ವೆಬ್‌ಸೈಟು, ಅದಕ್ಕೊಂದು ಇಮೇಲ್ ವಿಳಾಸ. ಒಂದು ಸೋಮವಾರ ತೆಗೆದು ನೋಡಿದರೆ ಇನ್‌ಬಾಕ್ಸ್ ತುಂಬ ಒಂದೇ ಒಕ್ಕಣೆ: ನಿಮ್ಮ ಮೇಲ್ ತಲುಪಲಿಲ್ಲ, ನಿಮ್ಮ ಮೇಲ್ ತಲುಪಲಿಲ್ಲ. ಅವರು ಕಳಿಸಿದ್ದರೆ ತಾನೇ ತಲುಪುವುದು! ಯಾರೋ ಇವರ ವಿಳಾಸ ಹಾಕಿ, ಮಾತ್ರೆ ಮಾರುವ ಮೇಲ್‌ಗಳನ್ನು ಊರೂರಿಗೆ ಎರಚಿದ್ದರು. ತಲುಪದೇ ಇದ್ದವೆಲ್ಲ ಇವರಿಗೆ ವಾಪಸ್. ನಡುನಡುವೆ ಗುರುತು ಪರಿಚಯ ಇಲ್ಲದವರ ಬೈಗುಳ. ಒಬ್ಬ ಮಹಾಶಯನಂತೂ ಒಂದೇ ಬೈಗುಳವನ್ನು ಪುಟಗಟ್ಟಲೆ ಅಂಟಿಸಿ, ದೊಡ್ಡ ದೊಡ್ಡ ಫೋಟೋ ಲಗತ್ತಿಸಿ, ಕಳಿಸುತ್ತಲೇ ಇದ್ದ. ಇನ್‌ಬಾಕ್ಸ್ ಭರ್ತಿಯಾಯಿತು. ಹಿರಿಯೂರು ಕಡೆಯ ತೋಟದ ಮ್ಯಾನೇಜರ್ ಕಳಿಸಿದ್ದ ಆರ್ಡರ್ ಒಳಗೆ ಬರಲು ಜಾಗವಿಲ್ಲದೆ ಹಿಂದಕ್ಕೆ ಹೋಯಿತು. ಆ ಮಹಾಶಯ ಮಾತ್ರ ಸ್ಪ್ಯಾಮ್ ಮಾಡುವವನಿಗೆ ಬುದ್ಧಿ ಕಲಿಸಿದೆ ಅಂದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿರಬೇಕು.

ಇದು ಹಳೇ ಕಸುಬು. 1997ರಲ್ಲಿ ಅಮೆರಿಕದ ಜೋ ಡಾಲ್ ಎಂಬುವರು ಜನರಿಗೆ ವೆಬ್‌ಪುಟ ಇಟ್ಟುಕೊಳ್ಳಲು ಜಾಗ ಕೊಡುವ ತಾಣ ನಡೆಸುತ್ತಿದ್ದರು. ಸ್ಪ್ಯಾಮ್ ಹಾಕಿದ ಒಬ್ಬನ ಖಾತೆ ಮುಚ್ಚಿಸಿದರು. ಅವನು ಏನು ಮಾಡಿದ? ಜೋ ಅವರ ಹೆಸರಿನಲ್ಲೇ ಸ್ಪ್ಯಾಮ್ ಹರಿಸಿದ. ಮಿಕ್ಕಿದ್ದನ್ನು ಸಿಟ್ಟಿಗೆದ್ದ ಜನರೇ ಮಾಡಿದರು. ಜೋ ಅವರ ತಾಣದ ಮೇಲೆ ಮುಗಿಬಿದ್ದು ಅದನ್ನು ಮಲಗಿಸಿಬಿಟ್ಟರು. ಈ ತಂತ್ರಕ್ಕೆ ಅವತ್ತಿನಿಂದ 'ಜೋ ಜಾಬ್' ಅಂತಲೇ ಹೆಸರು. ಗಮನಿಸಿ, ಇಲ್ಲಿ ಸ್ಪ್ಯಾಮ್ ಮಾಡಿದವನ ಆಯುಧವೇ ಒಳ್ಳೆಯವರ ಸಿಟ್ಟು. ಜನ ಎದುರೇಟು ಕೊಡುತ್ತಾರೆ ಅನ್ನುವ ಭರವಸೆ ಇಲ್ಲದಿದ್ದರೆ ಅವನ ಲೆಕ್ಕಾಚಾರ ನಡೆಯುತ್ತಲೇ ಇರಲಿಲ್ಲ.

ಬಿಡಿಯಾಗಿ ಹೊಡೆದರೆ ಗುರಿ ತಪ್ಪುತ್ತದೆ, ಸಂಘಟಿತವಾಗಿ ಹೊಡೆದರೆ? ಅದೂ ಆಗಿದೆ. 2004ರ ಕೊನೆಯಲ್ಲಿ ಲೈಕೋಸ್ ಯುರೋಪ್ ಕಂಪನಿ ಒಂದು ಸ್ಕ್ರೀನ್‌ಸೇವರ್ ಹಂಚಿತು. ನಮ್ಮ ಕಂಪ್ಯೂಟರ್ ಸುಮ್ಮನಿದ್ದಾಗ ಅದು ಸ್ಪ್ಯಾಮ್ ವ್ಯಾಪಾರಿಗಳ ತಾಣಗಳಿಗೆ ಮತ್ತೆ ಮತ್ತೆ ಹೋಗಿ ಬಾಗಿಲು ಬಡಿಯುತ್ತಿತ್ತು. ಟೀಕೆ ಜೋರಾಗಿ ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು.

ನನಗೆ ಹೆಚ್ಚು ಕುತೂಹಲ ಇರುವುದು ಬ್ಲೂ ಸೆಕ್ಯುರಿಟಿ ಎಂಬ ಇಸ್ರೇಲಿ ಕಂಪನಿಯ ಬಗ್ಗೆ. ಅವರು ನ್ಯಾಯವಾಗಿಯೇ ಯೋಚಿಸಿದ್ದರು. ಸದಸ್ಯನಿಗೆ ಒಂದು ಸ್ಪ್ಯಾಮ್ ಬಂದರೆ ಪ್ರತಿಯಾಗಿ ಒಂದೇ ಒಂದು ದೂರು, 'ನನ್ನ ಹೆಸರು ತೆಗೆಯಿರಿ' ಅಂತ. ಒಂದಕ್ಕೆ ಒಂದು, ತಕ್ಕಡಿಯಲ್ಲಿ ತೂಗಿದರೂ ಸಮ. ಆದರೆ ಸದಸ್ಯರು ಲಕ್ಷಗಟ್ಟಲೆ ಆದಾಗ ಆ ಒಂದೊಂದೂ ಸೇರಿ ಪ್ರವಾಹವೇ ಆಯಿತು. ಕೆಲವು ಸ್ಪ್ಯಾಮರ್‌ಗಳು ಬಗ್ಗಿದರು. 2006ರ ಮೇ ತಿಂಗಳಲ್ಲಿ ಒಬ್ಬ ತಿರುಗಿಬಿದ್ದ. ಸದಸ್ಯರಿಗೆ ಬೆದರಿಕೆಯ ಮೇಲ್, ಕಂಪನಿಯ ತಾಣದ ಮೇಲೆ ದಾಳಿ. ಆಗ ಕಂಪನಿ ತನ್ನ ತಾಣಕ್ಕೆ ಬರುವವರನ್ನೆಲ್ಲ ತನ್ನ ಬ್ಲಾಗಿನ ಕಡೆ ತಿರುಗಿಸಿತು. ಬ್ಲಾಗ್ ಇದ್ದದ್ದು ಸಿಕ್ಸ್ ಅಪಾರ್ಟ್ ಎಂಬ ಬೇರೆಯವರ ಸರ್ವರಿನಲ್ಲಿ. ದಾಳಿಯೂ ಅಲ್ಲಿಗೇ ಬಂತು. ಈ ಜಗಳಕ್ಕೂ ತಮಗೂ ಸಂಬಂಧವೇ ಇಲ್ಲದ ಬ್ಲಾಗ್ ಬರಹಗಾರರ ಪುಟಗಳು ಗಂಟೆಗಟ್ಟಲೆ ಸ್ಥಗಿತವಾದವು. ಅದೇ ತಿಂಗಳು ಕಂಪನಿ ಈ ಕೆಲಸಕ್ಕೆ ಬಾಗಿಲು ಹಾಕಿತು. ಅವರ ಉದ್ದೇಶವನ್ನು ನಾನು ಹಳಿಯುವುದಿಲ್ಲ. ಆದರೆ ಒಪ್ಪಿಗೆ ಇಲ್ಲದವರನ್ನು ಯುದ್ಧದ ನಡುವೆ ತಂದು ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ.

ಸರಿ, ಆಳು ಯಾರು ಅಂತ ಖಚಿತವಾಗಿ ಗೊತ್ತಿದ್ದರೆ? ಅಲನ್ ರಾಲ್ಸ್ಕಿ ಅಮೆರಿಕದ ಹೆಸರಾಂತ ಸ್ಪ್ಯಾಮರ್. 2002ರಲ್ಲಿ ಪತ್ರಿಕೆಯಲ್ಲಿ ಅವನ ಬಗ್ಗೆ ಲೇಖನ ಬಂದ ಮೇಲೆ ಜನ ಅವನ ಮನೆ ವಿಳಾಸ ಹುಡುಕಿ, ಸಿಕ್ಕ ಸಿಕ್ಕ ಕ್ಯಾಟಲಾಗು, ಜಾಹೀರಾತುಗಳಿಗೆಲ್ಲ ಅವನ ಹೆಸರು ಬರೆಸಿದರು. ರಾಶಿ ರಾಶಿ ಅಂಚೆ ಬಂತು. ಇದು ಕಿರುಕುಳ ಅಂತ ಅವನೇ ಗೋಳಾಡಿದ! ಓದಿದಾಗ ನಾನೂ ನಕ್ಕೆ. ಈ ಉದಾಹರಣೆಯಲ್ಲಿ ಪೆಟ್ಟು ಸರಿಯಾದ ಬೆನ್ನಿಗೇ ಬಿದ್ದಿದೆ, ಒಪ್ಪೋಣ. ಆದರೆ ಆ ಮೂಟೆ ಹೊತ್ತವನು ಅಂಚೆಯವನು. ಅಷ್ಟಾದರೂ ರಾಲ್ಸ್ಕಿ ನಿಲ್ಲಿಸಲಿಲ್ಲ. ಅವನಿಗೆ ಲಗಾಮು ಬಿದ್ದದ್ದು 2009ರಲ್ಲಿ, ಷೇರು ವಂಚನೆಯ ಸ್ಪ್ಯಾಮ್ ಪ್ರಕರಣದಲ್ಲಿ ನ್ಯಾಯಾಲಯ ನಾಲ್ಕು ವರ್ಷಕ್ಕೂ ಹೆಚ್ಚು ಜೈಲು ವಿಧಿಸಿದಾಗ.

ಮೋಸಗಾರರಿಗೆ ಸುಳ್ಳು ಉತ್ತರ ಕೊಟ್ಟು ವಾರಗಟ್ಟಲೆ ಆಟ ಆಡಿಸುವವರೂ ಇದ್ದಾರೆ. ಅವನ ಸಮಯ ಹಾಳಾದಷ್ಟೂ ಇನ್ನೊಬ್ಬರ ದುಡ್ಡು ಉಳಿಯುತ್ತದೆ ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೂ ಮ್ಯಾನ್ಮಾರ್, ಕಾಂಬೋಡಿಯಾಗಳಲ್ಲಿ ಕೆಲಸದ ಆಸೆ ತೋರಿಸಿ ಕರೆದೊಯ್ದು, ಪಾಸ್‌ಪೋರ್ಟ್ ಕಸಿದು, ಇದೇ ವಂಚನೆಗೆ ಹಚ್ಚಿದ ಭಾರತೀಯರನ್ನು ನಮ್ಮ ಸರ್ಕಾರ ಬಿಡಿಸಿ ತಂದ ಸುದ್ದಿ ನೀವೂ ಓದಿದ್ದೀರಿ. ದಿನದ ಗುರಿ ಮುಟ್ಟದವರಿಗೆ ಅಲ್ಲಿ ಹೊಡೆತ. ನಾವು ಆಟ ಆಡಿಸುತ್ತಿರುವುದು ಯಜಮಾನನನ್ನೋ, ಅಂಥ ಸೆರೆಯಾಳನ್ನೋ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ಹಕ್ಕುಳ್ಳವರಿಗೆ ಅವರ ಕಂಪ್ಯೂಟರ್ ಬಳಸಲು ಬಾರದಂತೆ ತಡೆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಪರಿಹಾರ ಕಟ್ಟಿಕೊಡಬೇಕು. ಅಪ್ರಾಮಾಣಿಕವಾಗಿ ಮಾಡಿದ್ದಾದರೆ 66ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೊದಲು ಅವನೇ ಶುರು ಮಾಡಿದ ಅನ್ನುವುದಕ್ಕೆ ಅಲ್ಲಿ ರಿಯಾಯಿತಿ ಕಾಣಿಸುವುದಿಲ್ಲ.

ಹಾಗಾದರೆ ಕೈಕಟ್ಟಿ ಕೂರಬೇಕೆ? ಬೇಡ. ನನ್ನ ಬಾಗಿಲು ಹಾಕಿಕೊಳ್ಳುವ ಅಧಿಕಾರ ನನಗೆ ಪೂರ್ತಿ ಇದೆ. 1998ರಲ್ಲಿ ಶುರುವಾದ ಸ್ಪ್ಯಾಮ್‌ಹೌಸ್ ಸಂಸ್ಥೆ ಸ್ಪ್ಯಾಮ್ ಬರುವ ಸರ್ವರುಗಳ ಪಟ್ಟಿ ಮಾಡುತ್ತಿದೆ, ಮೇಲ್ ಸೇವೆಯವರು ಅದನ್ನು ನೋಡಿ ತಡೆಯುತ್ತಾರೆ. ಅಲ್ಲೂ ನಿರಪರಾಧಿಗಳು ಸಿಕ್ಕಿಬೀಳುವುದುಂಟು, ಆದರೆ ಪಟ್ಟಿಯಿಂದ ಹೆಸರು ತೆಗೆಸಲು ಕೇಳುವ ದಾರಿ ಇದೆ. ನೀವು 'ಸ್ಪ್ಯಾಮ್' ಅಂತ ಗುರುತು ಹಾಕಿದರೆ ಮೇಲ್ ಸೇವೆಯ ಜರಡಿಯೂ ಅಷ್ಟರ ಮಟ್ಟಿಗೆ ಕಲಿಯುತ್ತದೆ. ಗುರುತಿಲ್ಲದವರ ಮೇಲ್‌ನಲ್ಲಿ 'ಅನ್‌ಸಬ್‌ಸ್ಕ್ರೈಬ್' ಒತ್ತಲು ಹೋಗಬೇಡಿ, ಈ ವಿಳಾಸದಲ್ಲಿ ಆಳಿದ್ದಾರೆ ಅಂತ ನೀವೇ ತಿಳಿಸಿದ ಹಾಗಾಗುತ್ತದೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ಮೇಲ್ ಅಳಿಸಬೇಡಿ. ಅದರ ಹೆಡರ್‌ನಲ್ಲಿ, ಅಂದರೆ ಮೇಲ್ ಜೊತೆ ಬರುವ ತಲೆಬರಹದಲ್ಲಿ, ಯಾವ ಯಾವ ಸರ್ವರ್ ಹಾದು ಬಂತು ಅನ್ನುವ ದಾಖಲೆ ಇರುತ್ತದೆ, ಪೊಲೀಸರಿಗೆ ಬೇಕಾಗುವುದು ಅದೇ.

ನಮಸ್ಕಾರ.